ಇಲ್ಲಿ ಸರ್ ಸುಮ್ಮನಾದರು

ದಾವಣಗೆರೆಯ ನಿಟ್ಟುವಳ್ಳಿಯ ಒಂದು ಮನೆಯ ಮಹಡಿ ಮೇಲೆ, ಶೀಟು ಹೊದಿಸಿದ ವರಾಂಡದಲ್ಲಿ, ವಾರಕ್ಕೆ ನಾಲ್ಕು ಸಂಜೆ ಆರು ಜನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹೇಳಿಕೊಡುತ್ತೇನೆ ಅನ್ನೋದು ದೊಡ್ಡ ಮಾತು, ಬರೆಸುತ್ತೇನೆ. ಎಂ.ಎ. ಎರಡನೇ ವರ್ಷದ ನನ್ನ ಕೈಖರ್ಚು ಇದರಲ್ಲೇ ನಡೆಯಬೇಕು. 'ಕನ್ನಡಕ್ಕೂ ಟ್ಯೂಷನ್ನಾ?' ಎಂದು ನಮ್ಮೂರಲ್ಲಿ ನಗುತ್ತಾರೆ. 625 ಅಂಕದಲ್ಲಿ 125 ಪ್ರಥಮ ಭಾಷೆಯದೇ ಎಂಬ ಲೆಕ್ಕ ಗೊತ್ತಿರುವ ತಂದೆತಾಯಿಗಳು ನಗುವುದಿಲ್ಲ, ತಿಂಗಳ ಮೊದಲ ವಾರವೇ ಫೀಸು ಕಳಿಸುತ್ತಾರೆ.

ಹೋದ ತಿಂಗಳು ಒಂದು ಸಂಜೆ ಕುಮಾರವ್ಯಾಸನ ಪದ್ಯಭಾಗ ನಡೆಯುತ್ತಿತ್ತು. 'ಕೌರವೇಂದ್ರನ ಕೊಂದೆ ನೀನು'. ಹತ್ತನೇ ತರಗತಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸಂಧಾನ ಮುರಿದು ಹಿಂದಿರುಗುವಾಗ ಕೃಷ್ಣ ಕರ್ಣನನ್ನು ರಥಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ, ನೀನು ಕುಂತಿಯ ಮಗ ಎನ್ನುತ್ತಾನೆ. ಕರ್ಣನ ಗಂಟಲು ಉಬ್ಬಿ ಬರುತ್ತದೆ. ನಾನು ಎಂದಿನಂತೆ 'ಸಂದರ್ಭ' ಬರೆಸಿ, 'ಸ್ವಾರಸ್ಯ' ಎಂದು ಹೇಳಿ ಕೆಳಗೆ ಗೆರೆ ಎಳೆಸಿ, ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗೋಡೆ ಪಕ್ಕದ ಹುಡುಗ ಪೆನ್ನು ಕೆಳಗಿಟ್ಟ. ಅವನು ಸಾಮಾನ್ಯವಾಗಿ ಏನೂ ಕೇಳುವವನಲ್ಲ.

'ಅಕ್ಕಾ, ಯುದ್ಧ ಇನ್ನೂ ಶುರುನೇ ಆಗಿಲ್ಲ. ದುರ್ಯೋಧನ ಅರಮನೇಲಿ ಆರಾಮ್ ಅದಾನೆ. ಕೊಂದೆ ಅಂತ ಯಾಕಂತಾನೆ? ಕೊಲ್ತೀಯ ಅನ್ಬೇಕಲ್ಲ?'

ಗಡಿಯಾರ ನೋಡಿದೆ. ಆರೂಮುಕ್ಕಾಲು. ಏಳೂಕಾಲಿನ ಬಸ್ಸು ತಪ್ಪಿದರೆ ಮುಂದಿನದು ಎಂಟರ ಮೇಲೆ, ಅದೂ ಹೈವೇಯಲ್ಲೇ ಇಳಿಸಿ ಹೋಗುವ ಬಸ್ಸು. 'ಅದು ಕವಿ ಹಂಗ್ ಬರ್ದಾನೆ ಕಣಪ್ಪ, ಅದನ್ನೆಲ್ಲ ಪರೀಕ್ಷೇಲಿ ಕೇಳಲ್ಲ, ಬರ್ಕೋ' ಅಂದೆ. ಅವನು ಬರೆದುಕೊಂಡ. 'ಕರ್ಣನ ಸ್ವಾಮಿನಿಷ್ಠೆಯು ಇಲ್ಲಿ ಸ್ವಾರಸ್ಯಪೂರ್ಣವಾಗಿ ಅಭಿವ್ಯಕ್ತವಾಗಿದೆ.' ನಾನು ಎಂಟು ವರ್ಷದ ಹಿಂದೆ ಬರೆದದ್ದೂ ಇದೇ ವಾಕ್ಯ. ಒಂದಕ್ಷರ ಆಚೆ ಈಚೆ ಇಲ್ಲ.

ಬಸ್ಸು ಆನಗೋಡು ದಾಟುವಾಗ ಹೊಳೆಯಿತು. ಆ ಹುಡುಗ ಕೇಳಿದ್ದೇ ಸ್ವಾರಸ್ಯ. ನಾನು ಅವನ ಬಾಯಿ ಮುಚ್ಚಿಸಿ ಬರೆಸಿದ್ದು ಸ್ವಾರಸ್ಯ ಎಂಬ ತಲೆಬರಹದ ಕೆಳಗೆ ಬರೆಯಬೇಕಾದ ಒಂದು ಸಾಲು ಅಷ್ಟೆ. ಅಂದಿನಿಂದ ಇದು ಹಲ್ಲಿಗೆ ಸಿಕ್ಕಿದ ಜೋಳದ ಸಿಪ್ಪೆಯ ಹಾಗೆ ಕೂತುಬಿಟ್ಟಿದೆ.

ಆಯ್ಕೆ, ಸಂದರ್ಭ, ಸ್ವಾರಸ್ಯ

ನಮಗೆ ಹೈಸ್ಕೂಲಿನಲ್ಲಿ ಕನ್ನಡ ತೆಗೆದುಕೊಳ್ಳುತ್ತಿದ್ದ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಖಾನೆ ಎಳೆಯುತ್ತಿದ್ದರು. ಮೂರು ಅಂಕ, ಮೂರು ಖಾನೆ. ಈ ವಾಕ್ಯವನ್ನು ಇಂಥವರು ಬರೆದ ಇಂಥ ಕೃತಿಯಿಂದ ಆಯ್ದ ಇಂಥ ಪದ್ಯದಿಂದ ಆರಿಸಲಾಗಿದೆ, ಒಂದು ಅಂಕ. ಯಾರು ಯಾರಿಗೆ ಯಾವಾಗ ಹೇಳಿದರು, ಒಂದು ಅಂಕ. ಉಳಿದ ಒಂದು ಅಂಕ ಸ್ವಾರಸ್ಯಕ್ಕೆ. ಮೊದಲ ಎರಡು ಖಾನೆಗೆ ಉತ್ತರ ಪುಸ್ತಕದಲ್ಲಿ ಇರುತ್ತದೆ. ಮೂರನೆಯದಕ್ಕೆ ಇರುವುದಿಲ್ಲ. ಇರುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬಾಯಿಪಾಠ ಮಾಡಿಸಿದರು. ತಾಯಿ ಬಂದರೆ ವಾತ್ಸಲ್ಯ, ಯುದ್ಧ ಬಂದರೆ ವೀರರಸ, ಮರ ಬಂದರೆ ಪರಿಸರ ಕಾಳಜಿ. ಏನೂ ಹೊಳೆಯದಿದ್ದರೆ 'ಮನೋಜ್ಞವಾಗಿ' ಎಂಬ ಒಂದು ಪದ. ಅದನ್ನು ಎಲ್ಲಿ ಇಟ್ಟರೂ ಕೂರುತ್ತದೆ, ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯ ಹಾಗೆ.

ನನಗೆ ಕನ್ನಡದಲ್ಲಿ 121 ಬಂತು. ಊರಿನ ಶಾಲೆಯಲ್ಲಿ ಆ ವರ್ಷ ಅದೇ ಹೆಚ್ಚು. ಸನ್ಮಾನದಲ್ಲಿ ಕೊಟ್ಟ ಗಡಿಯಾರ ಈಗಲೂ ನಮ್ಮ ಪಡಸಾಲೆಯಲ್ಲಿ ಹತ್ತು ನಿಮಿಷ ಮುಂದೆ ಓಡುತ್ತದೆ.

ಈ ಮೂರು ಖಾನೆಯನ್ನು ಬೈಯುವುದು ಬಹಳ ಸುಲಭ. ಸಾಹಿತ್ಯ ಓದುವವರೆಲ್ಲ ಒಂದಲ್ಲ ಒಂದು ದಿನ ಬೈಯುತ್ತಾರೆ, ಸೆಮಿನಾರುಗಳಲ್ಲಿ ಬೈದರೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಈಚೆಗೆ ನಾನೇ ಆರು ಮಕ್ಕಳ ಟೆಸ್ಟ್ ಪೇಪರ್ ತಿದ್ದುವವಳಾದ ಮೇಲೆ ಆ ಮೇಷ್ಟ್ರ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ. ಆರು ಪೇಪರಿಗೇ ನನಗೆ ಆಕಳಿಕೆ ಬರುತ್ತದೆ. ಕಟ್ಟುಕಟ್ಟು ಉತ್ತರಪತ್ರಿಕೆ ಮುಂದಿಟ್ಟುಕೊಂಡು ಕೂತವರು ಒಬ್ಬೊಬ್ಬ ಹುಡುಗನ ಹೊಳಹನ್ನೂ ತೂಗಿ ನೋಡಲಿ ಎಂದರೆ ಆಗುವ ಮಾತಲ್ಲ. ಅವರಿಗೆ ಖಾನೆ ಬೇಕು. ನಮಗೂ ಬೇಕಿತ್ತು. ಮನೆಯಲ್ಲಿ ಒಂದೂ ಪುಸ್ತಕ ಇಲ್ಲದ, ಹೋಂವರ್ಕ್ ನೋಡಿಕೊಡುವವರೇ ಇಲ್ಲದ ನನ್ನಂಥವರಿಗೆ ಆ ಖಾನೆ ಕೈಹಿಡಿಕೆ ಇದ್ದ ಹಾಗೆ. ಹಿಡಿದುಕೊಂಡು ಹತ್ತಿದೆ. ಹತ್ತಿದ ಮೇಲೂ ಕೈ ಬಿಡಲು ಬರಲಿಲ್ಲ ಅನ್ನೋದು ಬೇರೆ ಮಾತು. ಎಂ.ಎ. ಮೊದಲ ಸೆಮಿಸ್ಟರಿನಲ್ಲಿ ಒಂದು ಹೊಸ ಕವಿತೆ ಕೊಟ್ಟು ಏನನ್ನಿಸಿತೋ ಬರೆಯಿರಿ ಎಂದರು. ಅರ್ಧ ಗಂಟೆ ಖಾಲಿ ಹಾಳೆ ನೋಡುತ್ತಾ ಕೂತು ಕೊನೆಗೆ ಬರೆದದ್ದು, 'ಕವಿಯು ಇಲ್ಲಿ ಮನೋಜ್ಞವಾಗಿ…'

ಆರು ತಿಂಗಳ ಲೆಕ್ಕ

ಪಂಪ ತನ್ನ ಭಾರತವನ್ನು ಆರು ತಿಂಗಳಲ್ಲಿ ಬರೆದೆ ಎಂದು ತಾನೇ ಹೇಳಿಕೊಂಡಿದ್ದಾನೆ. ಆದಿಪುರಾಣಕ್ಕೆ ಮೂರೇ ತಿಂಗಳು. ಮೊದಲ ಸಲ ತರಗತಿಯಲ್ಲಿ ಇದನ್ನು ಕೇಳಿದಾಗ ನಾವೆಲ್ಲ ಕವಿಯ ಸಾಮರ್ಥ್ಯಕ್ಕೆ ಬೆರಗಾಗಬೇಕಿತ್ತು. ನನ್ನ ಪಕ್ಕದವಳು ಮೆಲ್ಲಗೆ ಅಂದಳು, 'ನಮ್ ಸೆಮಿಸ್ಟರ್ ನಾಲ್ಕು ತಿಂಗಳು ಕಣೇ. ಅವ್ನು ಬರೆಯೋಕೆ ತಗೊಂಡಷ್ಟು ಟೈಮು ನಮಗೆ ಓದೋಕೂ ಕೊಟ್ಟಿಲ್ಲ.'

ನಗೆಯಾಡಿದೆವು. ಲೆಕ್ಕ ಮಾತ್ರ ಸರಿಯಾಗೇ ಇದೆ. ಪಂಪನ ಆ ಭಾರತದಲ್ಲಿ, ಅಂದರೆ ವಿಕ್ರಮಾರ್ಜುನ ವಿಜಯದಲ್ಲಿ, ಹದಿನಾಲ್ಕು ಆಶ್ವಾಸ, ಅಧ್ಯಾಯ ಇದ್ದ ಹಾಗೆ. ನಮಗೆ ಪಠ್ಯ ಅಂತ ಇದ್ದದ್ದು ಮೂರು, ಕೊನೆಯದು ಒಂಬತ್ತನೆಯದು. ಆ ಮೂರರ ಜೊತೆಗೆ ಇನ್ನೂ ನಾಲ್ಕು ಪೇಪರು. ಪ್ರತಿ ಪೇಪರಿಗೂ ಎರಡು ಟೆಸ್ಟು, ಒಂದು ಸೆಮಿನಾರು, ಒಂದು ಅಸೈನ್‌ಮೆಂಟು. ಹದಿನಾರು ವಾರದಲ್ಲಿ ಹಬ್ಬ, ಜಾತ್ರೆ, ಮುಷ್ಕರ, ಯಾರೋ ದೊಡ್ಡವರು ತೀರಿಕೊಂಡ ರಜೆ ಕಳೆದರೆ ಹನ್ನೊಂದೋ ಹನ್ನೆರಡೋ ವಾರ ಕೈಗೆ ಸಿಗುತ್ತದೆ. ಪಂಪನಿಗೆ ಸಾಕುವ ದೊರೆ ಅರಿಕೇಸರಿ ಇದ್ದ. ನನಗೆ ಟ್ಯೂಷನ್ ಇದೆ.

ನನ್ನ ದಿನ ಹೀಗೆ ಹೋಗುತ್ತದೆ. ನಮ್ಮೂರು ಭರಮಸಾಗರದ ಪಕ್ಕ. ಬೆಳಿಗ್ಗೆ ಎಂಟರೊಳಗೆ ಬಸ್ಸು ಹತ್ತಿದರೆ ಒಂಬತ್ತೂಕಾಲಕ್ಕೆ ದಾವಣಗೆರೆ. ಶಕ್ತಿ ಯೋಜನೆ ಬಂದಮೇಲೆ ಪಾಸಿನ ದುಡ್ಡು ಉಳಿದಿದೆ, ಕೂರುವ ಜಾಗ ಉಳಿದಿಲ್ಲ. ಕಂಬಿ ಹಿಡಿದು ನಿಂತು ಒಂದು ಕೈಯಲ್ಲಿ ಹಳಗನ್ನಡ ಓದಲಾಗುವುದಿಲ್ಲ, ಅರ್ಥಕೋಶ ಹಿಡಿಯಲು ಮೂರನೇ ಕೈ ಬೇಕು. ಹಾಗಾಗಿ ಬೆಳಗಿನ ಬಸ್ಸು ಕಾದಂಬರಿಗೆ, ಸಂಜೆಯದು, ಸೀಟು ಸಿಕ್ಕರೆ, ಕಾವ್ಯಕ್ಕೆ. ರಾತ್ರಿ ಊಟ ಆದಮೇಲೆ ಅಸೈನ್‌ಮೆಂಟ್. ಈರುಳ್ಳಿ ಕಾಲದಲ್ಲಿ ಅದೂ ಇಲ್ಲ. ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ, ಮನೆಮಂದಿಯೆಲ್ಲ ಕೂತು ಸೊಪ್ಪು ಬೇರು ಕೊಯ್ದು ಹಾಕಬೇಕು. ಆಗ ಫೋನಿನಲ್ಲಿ ಗಮಕ ಹಚ್ಚಿಡುತ್ತೇನೆ. ಕಣ್ಣಲ್ಲಿ ನೀರು ಬರುವುದು ಭಾರತಕ್ಕೋ ಈರುಳ್ಳಿಗೋ ಯಾರೂ ಕೇಳುವುದಿಲ್ಲ.

ಕೇಳುವವರು ಅಪ್ಪ ಒಬ್ಬರೇ. ಅವರದು ಬೇರೆ ಪ್ರಶ್ನೆ. ಮಗಳು ನಾಲ್ಕು ತಿಂಗಳಿಂದ ಭಾರತ ಓದುತ್ತಿದ್ದಾಳೆ ಎಂದು ಅವರಿಗೆ ಗೊತ್ತು. ದಿನಾ ರಾತ್ರಿ ಬೀಡಿ ಆರಿಸಿ ಒಳಗೆ ಬರುವಾಗ, ಕ್ರಿಕೆಟ್ ಸ್ಕೋರ್ ಕೇಳುವ ಧಾಟಿಯಲ್ಲಿ, 'ಯುದ್ಧ ಶುರುವಾತೇನವ್ವಾ?' ಅನ್ನುತ್ತಿದ್ದರು. ನಾನು ಇನ್ನೂ ಇಲ್ಲಪ್ಪ ಅನ್ನುತ್ತಿದ್ದೆ. ನವೆಂಬರ್ ಆಯಿತು, ಡಿಸೆಂಬರ್ ಆಯಿತು. ಪರೀಕ್ಷೆಯ ಹಿಂದಿನ ದಿನವೂ ಕೇಳಿದರು. ಇಲ್ಲಪ್ಪ, ಸಿಲಬಸ್ಸಿನಲ್ಲಿ ಯುದ್ಧ ಇಲ್ಲ ಅಂದೆ. ಅವರು ಸ್ವಲ್ಪ ಹೊತ್ತು ನಿಂತರು. 'ಯುದ್ಧ ಇಲ್ದೆ ಎಂಥ ಭಾರತವ್ವಾ ಅದು' ಅಂದು ಮಲಗಲು ಹೋದರು.

ಪಂಪನ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿದೆ. ಪಂಪನ ಯುದ್ಧ ನಾನು ಇನ್ನೂ ಓದಿಲ್ಲ. ಒಂಬತ್ತನೇ ಆಶ್ವಾಸದ ಆಚೆ ಅದು ಹಾಗೇ ನಿಂತಿದೆ, ಎರಡೂ ಕಡೆಯ ಸೇನೆ ಸಾಲುಗಟ್ಟಿ, ನಾನು ಪುಟ ತಿರುವುವುದನ್ನೇ ಕಾಯುತ್ತಾ.

ಹನ್ನೆರಡು ವರ್ಷದ ಪಂಪ

ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಪೇಪರ್ ಪಾಸಾಗುವುದು ಹೇಗೆ ಅಂದರೆ ನೋಟ್ಸಿನಿಂದ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪೇಪರಿನ ಹೆಸರು ಹೇಳಿದರೆ ಸಾಕು, ಅಣ್ಣ ಕಬ್ಬಿಣದ ರ‍್ಯಾಕಿನಿಂದ ಒಂದು ಮಾಸ್ಟರ್ ಪ್ರತಿ ಎಳೆಯುತ್ತಾರೆ. ಯಾವ ವರ್ಷದ್ದು, ಯಾರು ಬರೆದದ್ದು ಯಾರಿಗೂ ಗೊತ್ತಿಲ್ಲ. ಪ್ರತಿಯ ಪ್ರತಿಯ ಪ್ರತಿ. ಅಕ್ಷರಗಳ ಹೊಟ್ಟೆ ತುಂಬಿಹೋಗಿ ಭ ಯಾವುದು ಬ ಯಾವುದು ತಿಳಿಯುವುದಿಲ್ಲ. ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡುವಾಗ ಲಿಪಿಕಾರರು ಮಾಡಿದ ತಪ್ಪುಗಳ ಬಗ್ಗೆ ಗ್ರಂಥಸಂಪಾದನೆ ಪೇಪರಿನಲ್ಲಿ ಓದುತ್ತೇವೆ. ಅದನ್ನು ಓದುವುದೂ ಇಂಥದೇ ಒಂದು ಪ್ರತಿಯಲ್ಲಿ.

ನಮ್ಮ ಪಂಪನ ನೋಟ್ಸಿನಲ್ಲಿ ಆದಿಪುರಾಣದ ಕಾಲ 914 ಎಂದಿತ್ತು. 941 ಆಗಬೇಕು. ಎಲ್ಲೋ ಒಂದು ಬ್ಯಾಚಿನಲ್ಲಿ ಯಾರದೋ ಕೈಯಲ್ಲಿ ಅಂಕಿ ತಿರುಗುಮುರುಗಾಗಿದೆ. ಮೊದಲ ಟೆಸ್ಟಿನಲ್ಲಿ ನಾವು ಹನ್ನೊಂದು ಜನ 914 ಬರೆದೆವು. ಸರ್ ಪೇಪರ್ ಹಂಚುವಾಗ ಏನೂ ಬೈಯಲಿಲ್ಲ. ಪಂಪ ಹುಟ್ಟಿದ್ದು ಯಾವಾಗ ಎಂದು ಕೇಳಿದರು. 902 ಎಂದು ಹನ್ನೊಂದೂ ಜನ ಕೂಗಿದೆವು. 'ಹಂಗಾದ್ರೆ ಹನ್ನೆರಡು ವರ್ಷಕ್ಕೇ ಆದಿಪುರಾಣ ಬರ್ದ್ನೇನ್ರಪ್ಪಾ? ಏಳನೇ ಕ್ಲಾಸು?' ಅಂದರು. ಆ ನಗು ಅರ್ಧ ಪಿರಿಯಡ್ ನಡೆಯಿತು. ಆದರೆ ನನಗೆ ಒಳಗೇ ಸ್ವಲ್ಪ ಹೆದರಿಕೆಯಾಯಿತು. ಎರಡೂ ಇಸವಿ ನನಗೆ ಗೊತ್ತಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ ಅಷ್ಟೆ. ನೋಡುವುದು ನನ್ನ ಕೆಲಸ ಎಂದೇ ಅನ್ನಿಸಿರಲಿಲ್ಲ.

ಅದೇ ನೋಟ್ಸಿನಲ್ಲಿ, ಒಂಬತ್ತನೇ ಆಶ್ವಾಸದ ಭಾಗದಲ್ಲಿ, 'ನೆತ್ತಮನಾಡಿ' ಎಂದು ಶುರುವಾಗುವ ಪದ್ಯದ ಪಕ್ಕ, ಮಾರ್ಜಿನ್ನಿನಲ್ಲಿ, ಬೇರೆ ಪೆನ್ನಿನಲ್ಲಿ ಸಣ್ಣದಾಗಿ ಒಂದು ಸಾಲು ಇದೆ. 'ಇಲ್ಲಿ ಸರ್ ಸುಮ್ಮನಾದರು.'

ಉಳಿದ ಅರವತ್ತು ಪುಟದಲ್ಲಿ ಇಂಥ ಮಾತು ಇನ್ನೊಂದಿಲ್ಲ. ಎಲ್ಲ ಕಡೆ ಪಾಯಿಂಟು, ಉಪಶೀರ್ಷಿಕೆ, ವಿದ್ವಾಂಸರ ಅಭಿಪ್ರಾಯ. ಇಲ್ಲೊಂದು ಕಡೆ ಮಾತ್ರ ಯಾರೋ ಒಬ್ಬ ಹುಡುಗಿಯೋ ಹುಡುಗನೋ ಬರೆಯುವುದು ನಿಲ್ಲಿಸಿ ತಲೆ ಎತ್ತಿದ್ದಾರೆ. ಎಷ್ಟು ವರ್ಷದ ಹಿಂದೆಯೋ. ಯಾವ ಸರ್ ಎಂದೂ ಗೊತ್ತಿಲ್ಲ, ಅಕ್ಷರ ನೋಡಿದರೆ ಅವರು ನಿವೃತ್ತರಾಗಿಯೇ ಬಹಳ ವರ್ಷ ಆಗಿರಬೇಕು. ಟೆಸ್ಟಿನ ಹಿಂದಿನ ರಾತ್ರಿ ಹನ್ನೊಂದೂವರೆಗೆ ಇದು ಕಣ್ಣಿಗೆ ಬಿತ್ತು. ಆ ಪದ್ಯ ಟೆಸ್ಟಿಗೆ ಬರುವ ಹಾಗೆ ಕಾಣಲಿಲ್ಲ, ಬಿಟ್ಟು ಮುಂದೆ ಹೋಗುವವಳಿದ್ದೆ. ಆದರೆ ಯಾಕೆ ಸುಮ್ಮನಾದರು? ಎದ್ದು ಲೈಬ್ರರಿಯಿಂದ ತಂದಿದ್ದ ಮೂಲ ತೆಗೆದೆ. ಅದು ಬ್ಯಾಗಿನಲ್ಲಿ ಮೂರು ವಾರದಿಂದ ಇತ್ತು. ದಂಡ ಕಟ್ಟಬೇಕಾಗುತ್ತದೆ ಎಂಬುದು ಬಿಟ್ಟರೆ ಅದರ ನೆನಪೇ ಇರಲಿಲ್ಲ.

ಪದ್ಯ ನಾಲ್ಕೇ ಸಾಲು. ಇಲ್ಲೂ ಕರ್ಣ ಕೃಷ್ಣನಿಗೆ ಉತ್ತರ ಕೊಡುತ್ತಿದ್ದಾನೆ, ಇಲ್ಲೂ ಅವನ ಹುಟ್ಟಿನ ಗುಟ್ಟು ಹೊರಬಿದ್ದಿದೆ. ಪಂಪನ ಕರ್ಣ ಅಳುವುದಿಲ್ಲ, ಕೂಗುವುದಿಲ್ಲ, ಒಂದು ಹಳೆಯ ಸಂಗತಿ ನೆನಪಿಸಿಕೊಳ್ಳುತ್ತಾನೆ. ಪಗಡೆಯಾಟ. ದುರ್ಯೋಧನನ ಹೆಂಡತಿ ಭಾನುಮತಿ ಸೋತಳು. ಸೋತದ್ದು ಕೊಡು ಎಂದು ಕಾಡುವಾಗ ಮುತ್ತಿನ ಹಾರ ಹರಿಯಿತು. ಮುತ್ತು ಚೆಲ್ಲಾಪಿಲ್ಲಿ. ಅದನ್ನೇ ನೋಡಿ ನೋಡಿ ಕೈಕಾಲು ನಡುಗುತ್ತಿರುವಾಗ ದೊರೆ ಕೇಳುತ್ತಾನೆ, ಇವನ್ನು ಆಯ್ದುಕೊಡಲೇ, ಹೇಳಿ. 'ಏವಮಿಲ್ಲದೆ' ಅನ್ನುತ್ತಾನೆ ಪಂಪ. ಅಸೂಯೆ ಇಲ್ಲದೆ, ಮನಸ್ಸಿನಲ್ಲಿ ಒಂದು ಎಳೆ ಕಸಿವಿಸಿ ಇಲ್ಲದೆ. ಅಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ನೀಚನಲ್ಲವೇ?

ಆಟ ಆಡಿದ್ದು ಕರ್ಣನೋ ದುರ್ಯೋಧನನೋ ಎಂದು ವಿದ್ವಾಂಸರು ವಾದ ಮಾಡಿದ್ದಾರೆ. ನಮ್ಮ ನೋಟ್ಸಿನಲ್ಲಿ ಆ ವಾದ ಎರಡು ಪುಟ ಇದೆ, ಹತ್ತು ಅಂಕಕ್ಕೆ. ನಾನು ಕರ್ಣನ ಕಡೆ. ಆಡಿದ್ದು ಅವನಲ್ಲದಿದ್ದರೆ ನಡುಗುವುದಕ್ಕೂ ಅರ್ಥವಿಲ್ಲ, ಏವ ಎಂಬ ಪದಕ್ಕೂ ಕೆಲಸವಿಲ್ಲ. ಆದರೆ ಆ ರಾತ್ರಿ ನನಗೆ ವಾದ ನೆನಪಾಗಲಿಲ್ಲ. ನೆಲದ ಮೇಲೆ ಮುತ್ತು ಉರುಳುವುದು, ಯಾರೂ ಮಾತಾಡದ ಆ ಒಂದು ಕ್ಷಣ, ದೊರೆ ಬಗ್ಗುವುದು ಕಾಣಿಸಿತು. ಕೃಷ್ಣ ಇಡೀ ಭೂಮಿ ಕೊಡುತ್ತೇನೆ ಎನ್ನುತ್ತಿದ್ದಾನೆ, ಇವನು ನೆಲಕ್ಕೆ ಬಿದ್ದ ಮಣಿಗಳ ಲೆಕ್ಕ ಹೇಳುತ್ತಿದ್ದಾನೆ. ಆ ಸರ್ ಸುಮ್ಮನಾದದ್ದು ಇದಕ್ಕೇ ಇರಬೇಕು. ಅಥವಾ ಕರೆಂಟು ಹೋಗಿದ್ದಿರಬಹುದು. ಕಾರಿಡಾರಿನಲ್ಲಿ ಪ್ರಿನ್ಸಿಪಾಲರು ಹಾದುಹೋಗಿದ್ದಿರಬಹುದು. ಬರೆದವರು ಕಾರಣ ಬರೆದಿಲ್ಲ.

ಮಾರನೇ ದಿನದ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಿಟ್ಟುಬಂದೆ. ರಾತ್ರಿ ಓದಬೇಕಿದ್ದ ಎರಡು ಅಧ್ಯಾಯ ಓದಿರಲಿಲ್ಲ.

ಗೊತ್ತಿರುವ ಕನ್ನಡ

ಕಾಲೇಜು ಮೇಷ್ಟ್ರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್, ನೆಟ್ ತಯಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಅಳು ಬರುತ್ತದೆ. ನಾಲ್ಕು ಆಯ್ಕೆ, ಒಂದು ಸರಿ. ಕವಿಗೆ ಬಿರುದು ಹೊಂದಿಸು, ಕೃತಿಗೆ ಇಸವಿ ಹೊಂದಿಸು. ಕುವೆಂಪು ಶ್ರೀ ರಾಮಾಯಣ ದರ್ಶನಂ ಅನ್ನು ಅರ್ಪಿಸಿದ್ದು ಯಾರಿಗೆ? ಟಿ.ಎಸ್. ವೆಂಕಣ್ಣಯ್ಯ, ಆಯ್ಕೆ ಸಿ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆ ಟಿ ಎಂದರೆ ತಳುಕು, ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಊರು ಎಂದು ಗೊತ್ತಾಗಿದ್ದು ಬಳ್ಳಾರಿ ಕಡೆ ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಬೋರ್ಡು ಕಂಡಾಗ. ಅವರು 1939ರಲ್ಲೇ ತೀರಿಕೊಂಡರು, ಕಾವ್ಯ ಅಚ್ಚಾಗುವುದನ್ನು ನೋಡಲಿಲ್ಲ. ತೀರಿಹೋದ ಗುರುವಿಗೆ ಶಿಷ್ಯ ಕಾವ್ಯ ಒಪ್ಪಿಸುವುದು ಎಂದರೇನು ಎಂದು ಆ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಸಿ ಆಯ್ಕೆಯೊಳಗೆ ಒಬ್ಬ ಮನುಷ್ಯ ಇದ್ದ ಎಂಬುದೇ ನನಗೆ ಹೊಸದಾಗಿತ್ತು.

ಮೂರು ಮಾತ್ರೆ

ಹುಡುಗನ ಪ್ರಶ್ನೆಗೆ ಬರುತ್ತೇನೆ. ಬಸ್ಸಿನಲ್ಲಿ ನನಗೆ ಹೊಳೆದದ್ದು ಇಷ್ಟು. ಕರ್ಣನ ಮನಸ್ಸಿನಲ್ಲಿ ಆ ಕೊಲೆ ಆಗಿಹೋಗಿದೆ. ದುರ್ಯೋಧನ ಯುದ್ಧಕ್ಕೆ ನಿಂತದ್ದೇ ಕರ್ಣನ ತೋಳು ನಂಬಿ. ಹಗೆಗಳ ತಲೆ ತಂದು ಒಡೆಯನಿಗೆ ಒಪ್ಪಿಸುತ್ತೇನೆ ಎಂಬ ಹುರುಪಿನಲ್ಲಿ ಇದ್ದವನಿಗೆ, ಆ ತಲೆಗಳು ನಿನ್ನ ತಮ್ಮಂದಿರವು ಎಂದು ಕೃಷ್ಣ ಹೇಳಿಬಿಟ್ಟ. ಇನ್ನು ಆ ತೋಳು ಏಳುವುದಿಲ್ಲ. ಆಯುಧ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟವನು ಮೊದಲ ಏಟು ಹೊಡೆದದ್ದು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಮೈದುನತನದ ಸಲಿಗೆ ತೋರಿಸಿ, ಮೆಲುದನಿಯಲ್ಲಿ. ಆದ್ದರಿಂದ ಕೊಲ್ಲುತ್ತೀಯ ಅಲ್ಲ, ಕೊಂದೆ. ದುರ್ಯೋಧನ ಅರಮನೆಯಲ್ಲಿ ಆರಾಮ್ ಇದ್ದಾನೆ, ತಾನು ಸತ್ತದ್ದು ಅವನಿಗೆ ಇನ್ನೂ ಗೊತ್ತಿಲ್ಲ.

ಚೆನ್ನಾಗಿದೆ ಅನ್ನಿಸಿತು. ಜೊತೆಗೇ ಅನುಮಾನವೂ ಬಂತು. ಸಾಹಿತ್ಯ ಓದುವವರಿಗೆ ಇದೊಂದು ಕಾಯಿಲೆ, ಕವಿ ಛಂದಸ್ಸಿಗೆ ಹೊಂದಿಸಲು ಹಾಕಿದ ಪದಕ್ಕೂ ತತ್ವ ಹುಡುಕುತ್ತೇವೆ. ಕೊಂದೆ ಎಂಬುದು ಬರೀ ಮಾತ್ರೆ ಲೆಕ್ಕಕ್ಕೆ ಬಂದಿದ್ದರೆ? ಮನೆಗೆ ಬಂದು, ಊಟಕ್ಕೂ ಮುಂಚೆ, ರಫ್ ಹಾಳೆಯಲ್ಲಿ ಸಾಲು ಬರೆದು ಪ್ರಸ್ತಾರ ಹಾಕಿದೆ, ಅಂದರೆ ಅಕ್ಷರಕ್ಕೆ ಅಕ್ಷರ ಮಾತ್ರೆ ಎಣಿಸಿದೆ.

ಪ್ರಸ್ತಾರ ನನಗೆ ಹೈಸ್ಕೂಲಿನಿಂದಲೂ ಇಷ್ಟ. ಕನ್ನಡ ಪೇಪರಿನಲ್ಲಿ ಗಣಿತದ ಹಾಗೆ ತಾಳೆ ನೋಡಬಹುದಾದದ್ದು ಅದೊಂದೇ. ಒಂದು ಮಾತ್ರೆಯ ಲಘುವಿಗೆ ಬಟ್ಟಲು, ಎರಡು ಮಾತ್ರೆಯ ಗುರುವಿಗೆ ಗೆರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕು, ಮೂರು ಮತ್ತು ಆರನೇ ಸಾಲಿಗೆ ಅದರ ಒಂದೂವರೆಯಷ್ಟು ಉದ್ದ, ಕೊನೆಗೊಂದು ಗುರು. ಒಟ್ಟು 102 ಮಾತ್ರೆ. ಕೂಡಿಸಿ 102 ಬಂದರೆ ಸರಿ, 101 ಬಂದರೆ ಎಲ್ಲೋ ಒತ್ತಕ್ಷರ ನುಂಗಿದ್ದೇನೆ. ಇದರಿಂದ ಕಾವ್ಯಕ್ಕೇನು ಉಪಯೋಗ ಎಂದು ನಾನೇ ಎಷ್ಟೋ ಸಲ ಗೊಣಗಿದ್ದೇನೆ. ಒಂದು ಪದ್ಯವನ್ನು ಈರುಳ್ಳಿಯ ಹಾಗೆ ಬಿಡಿಸಿಟ್ಟು, ಸಿಪ್ಪೆ ಎಣಿಸಿ, ಎದ್ದು ಹೋಗುವ ಕೆಲಸ ಅದು ಎಂದು ಒಂದು ಸೆಮಿನಾರಿನಲ್ಲಿ ಹೇಳಿ ಚಪ್ಪಾಳೆಯನ್ನೂ ತಗೊಂಡಿದ್ದೇನೆ.

ಹುಡುಗ ಕೇಳಿದ ಸಾಲನ್ನು ಬಿಡಿಸಿದೆ. ಭರದೊ, ಳಿರ್ದೆನು, ಕೌರ, ವೇಂದ್ರನ, ಕೊಂದೆ, ನೀನೆಂ, ದ. ಮೂರು ನಾಲ್ಕು ಮೂರು ನಾಲ್ಕು ಮೂರು ನಾಲ್ಕು, ಕೊನೆಯ ಗುರು. 'ಕೊಂದೆ' ತಾನೊಂದೇ ಒಂದು ಗಣ, ಸರಿಯಾಗಿ ಮೂರು ಮಾತ್ರೆ. ಅದರ ಜಾಗದಲ್ಲಿ ಭವಿಷ್ಯತ್ತು ಇಡಲು ನೋಡಿದೆ. ಕೊಲ್ಲುವೆ, ನಾಲ್ಕು ಮಾತ್ರೆ, ಕೂರುವುದಿಲ್ಲ. ಅಯ್ಯೋ, ಅಂದುಕೊಂಡದ್ದೇ ಆಯಿತು, ಇದು ಛಂದಸ್ಸಿನ ಕೆಲಸ ಎಂದು ಪೆನ್ನು ಮುಚ್ಚುವವಳಿದ್ದೆ. ಆಗ ನೆನಪಾಯಿತು, ನಡುಗನ್ನಡದಲ್ಲಿ ಕೊಲ್ಲುವೆ ಆಗಬೇಕಿಲ್ಲ. ಕೊಲುವೆ. ಕೊ, ಲು, ವೆ. ಮೂರು ಲಘು, ಮೂರು ಮಾತ್ರೆ.

'ಕೌರವೇಂದ್ರನ ಕೊಲುವೆ ನೀನೆಂದ.' ಜೋರಾಗಿ ಓದಿದೆ. ತಾಳ ಒಂದು ಚೂರೂ ತಪ್ಪುವುದಿಲ್ಲ. ಕುಮಾರವ್ಯಾಸನಿಗೆ ಎರಡೂ ದಾರಿ ತೆರೆದಿತ್ತು. ಕೊಲುವೆ ಎಂದು ಬರೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅರ್ಥವೂ ಕೆಡುತ್ತಿರಲಿಲ್ಲ. ಅವನು ಕೊಂದೆ ಎಂದು ಬರೆದ.

ಅವ್ವ ಅಡುಗೆಮನೆಯಿಂದ ಯಾರಿಗೆ ಕೊಲ್ತೀನಂತಿದೀಯೇ ಎಂದು ಕೇಳಿದಳು. ತಟ್ಟೆ ಮುಂದೆ ಕೂತಮೇಲೂ ನನಗೆ ಒಂಥರಾ ಉಮೇದು ಇಳಿದಿರಲಿಲ್ಲ. ಖುಷಿಯ ಜೊತೆ ಸ್ವಲ್ಪ ನಾಚಿಕೆಯೂ ಇತ್ತು. ಆ ಹುಡುಗ ಕೇಳದಿದ್ದರೆ ನಾನು ಈ ಸಾಲನ್ನು ಇನ್ನೂ ಹತ್ತು ಬ್ಯಾಚಿಗೆ ಬರೆಸುತ್ತಿದ್ದೆ. ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ಪ್ರಸ್ತಾರ ಇರದಿದ್ದರೆ ಅವನು ಕೇಳಿದರೂ ಉತ್ತರ ಸಿಗುತ್ತಿರಲಿಲ್ಲ. ಇದರಲ್ಲಿ ಯಾವುದನ್ನು ಓದು ಅನ್ನಬೇಕು, ಯಾವುದನ್ನು ಸ್ಕೂಲಿನ ಕೆಲಸ ಅನ್ನಬೇಕು, ನನಗಂತೂ ಬೇರೆ ಮಾಡಲು ಬರಲಿಲ್ಲ. ಸೆಮಿನಾರಿನ ಆ ಚಪ್ಪಾಳೆಯನ್ನು ಹಿಂದಿರುಗಿಸುವ ಹಾಗಿದ್ದರೆ ಹಿಂದಿರುಗಿಸುತ್ತಿದ್ದೆ.

ಗುರುವಾರ ಟ್ಯೂಷನ್ನಿನಲ್ಲಿ ಬೋರ್ಡಿನ ಮೇಲೆ ಎರಡು ಪದ ಬರೆದೆ. ಕೊಲುವೆ, ಕೊಂದೆ. ಪ್ರಸ್ತಾರ ಹಾಕಿ ಅಂದೆ. ಆರೂ ಜನ ಹಾಕಿದರು. ಎರಡಕ್ಕೂ ಮೂರು. ಗೋಡೆ ಪಕ್ಕದ ಹುಡುಗ ಬೋರ್ಡು ನೋಡಿದ, ಪುಸ್ತಕ ನೋಡಿದ. 'ಹಂಗಾದ್ರೆ ಬೇಕಂತ್ಲೇ ಬರ್ದಾನೆ' ಅಂದ. ನನ್ನನ್ನು ನೋಡಿ ಹೇಳಿದ್ದಲ್ಲ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು, ಯಾವಾಗಲೂ ಎತ್ತುವವಳು. 'ಅಕ್ಕಾ, ಇದನ್ನ ಸ್ವಾರಸ್ಯದಲ್ಲಿ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?'

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಅವಳಪ್ಪ ಪಿ.ಬಿ. ರಸ್ತೆಯಲ್ಲಿ ಸಂಜೆ ಮಿರ್ಚಿ ಮಂಡಕ್ಕಿ ಗಾಡಿ ಹಾಕುತ್ತಾರೆ, ಫೀಸನ್ನು ಐವತ್ತು ನೂರರ ನೋಟುಗಳಲ್ಲಿ ಎಣಿಸಿ ಕೊಡುತ್ತಾರೆ. ಆ ಒಂದು ಅಂಕದ ಜೊತೆ ನಾನು ಆಟ ಆಡುವ ಹಾಗಿಲ್ಲ. ಮೊದಲು ಸ್ವಾಮಿನಿಷ್ಠೆಯ ವಾಕ್ಯ ಬರಿ, ಅದರ ಕೆಳಗೆ ಇದನ್ನು ಬರಿ, ಟೈಮ್ ಇದ್ದರೆ ಮಾತ್ರ ಅಂದೆ. ಅವಳು ಹಾಗೇ ಬರೆದುಕೊಂಡಳು. ಟೈಮ್ ಇದ್ದರೆ ಮಾತ್ರ ಎಂಬುದನ್ನೂ ಸೇರಿಸಿ.

ಮೊನ್ನೆ ಜೂನಿಯರ್ ಒಬ್ಬಳು ನಡುಗನ್ನಡದ ನೋಟ್ಸ್ ಕೇಳಿದಳು. ನಾನೇ ಬರೆದದ್ದು, ಈ ಸಲ ಇಸವಿಗಳನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಕೃಷ್ಣ ಕರ್ಣರ ಈ ಮಾತು ಬರುವ ಉದ್ಯೋಗಪರ್ವದ ಪುಟದ ಮಾರ್ಜಿನ್ನಿನಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಇತ್ತು, ಜೆರಾಕ್ಸಿಗೆ ಕಾಣಲಿ ಎಂದು ಅದರ ಮೇಲೆ ಪೆನ್ನಿನಲ್ಲಿ ತಿದ್ದಿದೆ. 'ನಿಟ್ಟುವಳ್ಳಿಯ ಹುಡುಗನೊಬ್ಬ ಇಲ್ಲಿ ಪೆನ್ನು ಕೆಳಗಿಟ್ಟ.' ಅಂಗಡಿಯ ಅಣ್ಣ ಗಾಜಿನ ಮೇಲೆ ಹಾಳೆ ಇಟ್ಟು, ಓರೆಯಾಗಿ ನೋಡಿ, 'ಸೈಡಲ್ಲಿ ಏನೋ ಗೀಚೀರಲ್ಲಮ್ಮ, ಪೇಪರ್ ಮುಚ್ಚಿ ತೆಗೀಲಾ, ನೀಟಾಗ್ ಬರುತ್ತೆ?' ಎಂದು ಕೇಳಿದರು.

'ಬ್ಯಾಡ ಅಣ್ಣ, ಹಂಗೇ ತೆಗೀರಿ' ಅಂದೆ.